ಎರಡನೆಯ ಪೊಟ್ಟಣ

"ಮೂಸಬೇಡಿ ಮೇಡಂ! ಹತ್ತಿರ ಹಿಡಿದು ಮೂಸಬೇಡಿ!"

ಗಂಗಾಂಬಿಕೆಯ ಕೈ ಅರ್ಧದಲ್ಲೇ ನಿಂತಿತು. ಕಣ್ಣೆದುರಿಗೆ, ಮಾವಿನ ಕೊಂಬೆಯಿಂದ ಇಳಿಬಿದ್ದ ಪೊಟ್ಟಣವೊಂದು ಗಾಳಿಗೆ ನಿಧಾನವಾಗಿ ತಿರುಗುತ್ತಿತ್ತು. ಶಾಂಪೂ ಪೊಟ್ಟಣದಷ್ಟೇ ಅಗಲ, ಅಷ್ಟೇ ತೆಳ್ಳಗೆ.

ಪೃಥ್ವಿರಾಜ್ ಒಣಗಿದ ಎಲೆ ತುಳಿಯುತ್ತ ಓಡಿ ಬಂದ. ಮಾರು ದೂರದಲ್ಲೇ ನಿಂತು, ಅಂಗೈ ಬೀಸಿ ಗಾಳಿಯನ್ನು ಮೂಗಿನ ಕಡೆ ಎಳೆದುಕೊಂಡ. ಆಮೇಲೆ ಉಸಿರು ಬಿಟ್ಟ.

"ಇದು ನಮ್ಮದೇ. ಮುಲಾಮು."

ಆಗ ಅವಳಿಗೂ ಬಂತು. ಸೊಂಟ ಹಿಡಿದು ಮಲಗಿದವರ ಕೋಣೆಗೆ ಕಾಲಿಟ್ಟಾಗ ಬರುವಂಥ ಘಾಟು. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ರಸ್ತೆಯ ಪಕ್ಕದ ಈ ಮಾವಿನ ತೋಟದಲ್ಲೆಲ್ಲ ಅದೇ ಘಾಟು. ಕೂಲಿಯವರು ಇದಕ್ಕೆ ಮುಲಾಮು ಪೊಟ್ಟಣ ಅಂತಲೇ ಹೆಸರಿಟ್ಟಿದ್ದರು.

ಪೃಥ್ವಿರಾಜ್ ಇವನ್ನು ಹಾಸನದ ತನ್ನ ಪುಟ್ಟ ಶೆಡ್ಡಿನಲ್ಲಿ ತಯಾರಿಸುತ್ತಿದ್ದ. ಮೊದಲ ದಿನವೇ ಅವಳನ್ನು ಕೂರಿಸಿಕೊಂಡು ವಿವರಿಸಿದ್ದ. "ಹುಳು ಕಚ್ಚಿದಾಗ ಎಲೆ ತಾನೇ ಈ ವಾಸನೆ ಬಿಡುತ್ತೆ ಮೇಡಂ. ಅದು ಅದರ ಕೂಗು. ಆ ಕೂಗಿಗೆ ಗುಲಗಂಜಿ ಹುಳು, ಹಸಿರು ರೆಕ್ಕೆ ಹುಳು ಎಲ್ಲೆಲ್ಲಿಂದಲೋ ಬಂದು, ಮಾವಿನ ಹೂವು ಹಾಳುಮಾಡೋ ಜಿಗಿಹುಳುಗಳನ್ನ ತಿಂದು ಹಾಕ್ತವೆ. ನಾವು ಆ ಕೂಗನ್ನ ಪೊಟ್ಟಣಕ್ಕೆ ತುಂಬಿ ಕಟ್ತೀವಿ, ಅಷ್ಟೇ. ಮರಕ್ಕೆ ವಿಷ ಹೊಡೆಯೋ ಕೆಲಸಾನೇ ಇಲ್ಲ."

ನಿಜಕ್ಕೂ ಪೊಟ್ಟಣದ ಸುತ್ತಲಿನ ಎಲೆಗಳ ಮೇಲೆ ಕೆಂಪು ಗುಲಗಂಜಿ ಹುಳುಗಳು ಮಣಿ ಚೆಲ್ಲಿದ ಹಾಗೆ ಓಡಾಡುತ್ತಿದ್ದವು.

ಆದರೆ ಇವತ್ತು ಅವರಿಬ್ಬರು ಹುಡುಕುತ್ತಿದ್ದದ್ದು ಇಂಥದ್ದನ್ನಲ್ಲ. ಬಾಳೆಹಣ್ಣಿನ ವಾಸನೆಯ ಪೊಟ್ಟಣವನ್ನು.

ಅಂಥದ್ದೊಂದು ಹೋದ ವಾರ ತೋಟದ ಯಜಮಾನ ಈಶ್ವರಯ್ಯನವರನ್ನು ಕೊಂದಿತ್ತು. ತೋಟದ ನಡುವಿನ ಗೋಣಿಮರದ ಕೆಳಗೆ, ಕಲ್ಲುಬೆಂಚಿನ ಮೇಲೆ ಕೂತಿದ್ದವರ ಮೇಲೆ ಹೆಜ್ಜೇನು ಇಳಿದಿತ್ತು. ಊರೆಲ್ಲ ಅದನ್ನು ಗ್ರಹಚಾರ ಅಂದಿತು. ತಲೆಯ ಮೇಲಿನ ಕೊಂಬೆಯಲ್ಲಿ ಸಿಕ್ಕ ಪೊಟ್ಟಣ ಬೇರೆಯದೇ ಹೇಳಿತು.

"ಒಂದು ಜೇನು ಚುಚ್ಚಿದ ಜಾಗದಿಂದ ಮಾಗಿದ ಬಾಳೆಹಣ್ಣಿನಂಥ ವಾಸನೆ ಏಳುತ್ತೆ," ಅಂದಿದ್ದ ಪೃಥ್ವಿರಾಜ್. "ಮಿಕ್ಕ ಜೇನಿಗೆಲ್ಲ ಅದೇ ಕರೆ. ಶತ್ರು ಇಲ್ಲಿದ್ದಾನೆ, ಬನ್ನಿ ಅಂತ. ಯಾರೋ ನನ್ನ ಖಾಲಿ ಪೊಟ್ಟಣಕ್ಕೆ ಆ ವಾಸನೆ ತುಂಬಿದಾರೆ. ಅದಕ್ಕೆ ಲ್ಯಾಬೂ ಬೇಡ ಮೇಡಂ. ಬೇಕರಿಯ ಎಸೆನ್ಸ್ ಸಾಕು."

ಖಾಲಿ ಪೊಟ್ಟಣ ಅವನೇ ತಂದಿಟ್ಟಿದ್ದು. ವಾಸನೆ ಇರುವ ಮರಕ್ಕೂ ಇಲ್ಲದ ಮರಕ್ಕೂ ಹುಳು ಬರುವುದರಲ್ಲಿ ಏನು ವ್ಯತ್ಯಾಸ ಅಂತ ಹೋಲಿಸಿ ನೋಡುವುದಕ್ಕೆ ಕೆಲವು ಮರಗಳಿಗೆ ಬರೀ ಪೊಟ್ಟಣ ಕಟ್ಟುತ್ತಿದ್ದ. ಈಶ್ವರಯ್ಯನವರ ಮನೆಯ ಫ್ರಿಜ್ಜಿನಲ್ಲಿ ಇಟ್ಟಿದ್ದ ಅಂಥ ಪೊಟ್ಟಣಗಳಲ್ಲಿ ಎರಡು ಕಾಣೆಯಾಗಿದ್ದವು.

ಒಂದು ಗೋಣಿಮರದಲ್ಲಿ ಸಿಕ್ಕಿತು.

ಇನ್ನೊಂದು?

ಗಂಗಾಂಬಿಕೆ ಕತ್ತಿನ ಬೆವರು ಒರೆಸಿಕೊಂಡಳು. ಹೊಳೆನರಸೀಪುರಕ್ಕೆ ಎಸ್.ಐ. ಆಗಿ ಬಂದು ಇನ್ನೂ ಪೆಟ್ಟಿಗೆ ಬಿಚ್ಚಿರಲಿಲ್ಲ. ಊರಿನ ದಾರಿಗಳೇ ಸರಿಯಾಗಿ ಗೊತ್ತಿಲ್ಲ. ಅಷ್ಟರಲ್ಲಿ ಇದು.

"ಬಿಸಿಲು ಏರ್ತಾ ಇದೆ," ಅಂದಳು.

"ಅದೇ ನನ್ನ ಭಯ. ತಣ್ಣಗಿದ್ದಾಗ ವಾಸನೆ ನಿದ್ದೆ ಮಾಡ್ತಿರುತ್ತೆ. ಅದಕ್ಕೇ ಫ್ರಿಜ್ಜಲ್ಲಿ ಇಡೋದು. ಬಿಸಿ ತಾಗಿದರೆ ಎದ್ದು ಕೂರುತ್ತೆ. ಎಲ್ಲೋ ನೆರಳಲ್ಲಿ ಕಟ್ಟಿದ್ರೆ, ಬಿಸಿಲು ತಿರುಗೋ ತನಕ ನಮಗೂ ಗೊತ್ತಾಗಲ್ಲ."

"ಜೇನು ಎದ್ದರೆ ಏನು ಮಾಡಬೇಕು?"

"ಕೈ ಬೀಸಬಾರದು. ಒಂದನ್ನ ಹೊಸಕಿದ್ರೂ ಮುಗೀತು, ಅದರ ವಾಸನೆ ಮಿಕ್ಕವನ್ನ ಕರೆಯುತ್ತೆ. ನೀರಿದ್ರೆ ನೀರಿಗೆ ಬೀಳಬೇಕು. ಇಲ್ಲಿ ಹಿಂದೆ ನಾಲೆ ಇದೆಯಂತಲ್ಲ." ಅವನು ಹಣೆ ಒರೆಸಿಕೊಂಡ. "ನೀರಿಲ್ಲದಿದ್ರೆ… ಈಶ್ವರಯ್ಯೋರಿಗೆ ಆಗಿದ್ದು ನೋಡಿದೀರಲ್ಲ."

ನೋಡಿದ್ದಳು. ನೋಡಬಾರದಿತ್ತು ಅನ್ನಿಸುವಷ್ಟು ನೋಡಿದ್ದಳು.

ಫೋನು ಗುರುಗುಟ್ಟಿತು. ಗೇಟಿನಲ್ಲಿ ನಿಲ್ಲಿಸಿದ್ದ ಕಾನ್‌ಸ್ಟೇಬಲ್ ಚನ್ನಪ್ಪ.

"ಮೇಡಂ, ಅಣ್ಣು ಕೀಳೋರು ಟ್ರ್ಯಾಕ್ಟರ್ ತುಂಬ ಬಂದವ್ರೆ. ಈ ಬೆಟ್ಟಮ್ಮನ ಬಾಯಿ ತಡೆಯಾಕೆ ಆಯ್ತಾ ಇಲ್ಲ."

ಹಿಂದಿನಿಂದ ಹೆಂಗಸಿನ ಗಂಟಲು ಫೋನಿಗೇ ಹಾಯ್ದು ಬಂತು. "ಏನ್ ಪೊಲೀಸಪ್ಪಾ, ನಾವೇನ್ ಕಳ್ಳರಾ? ಅಣ್ಣು ಮರದಲ್ಲೇ ಕೊಳೀತಾವೆ! ಬಿದ್ದಿದ್ದ ನೀನು ಆಯ್ಕೊಂಡು ಓಗ್ತೀಯಾ, ಟೋಪಿ ತುಂಬ?"

"ನೋಡಿದ್ರಾ ಮೇಡಂ? ನನ್ನ ಟೋಪಿ ತಂಟೆಗೂ ಬಂದ್ಲು."

"ಚನ್ನಪ್ಪ, ನಾನು ಹೇಳೋವರೆಗೂ ಒಬ್ಬರೂ ಒಳಗೆ ಬರಬಾರದು. ನಾನೇ, ನನ್ನ ಬಾಯಿಂದ ಹೇಳಬೇಕು. ಗೊತ್ತಾಯ್ತಾ?"

"ಆಯ್ತು ಮೇಡಂ."

ಟ್ರ್ಯಾಕ್ಟರ್ ತುಂಬ ಜನ. ಮಡಿಲಿಗೆ ಟವೆಲ್ ಕಟ್ಟಿಕೊಂಡು, ಮಾತಾಡಿಕೊಂಡು, ಮರದಿಂದ ಮರಕ್ಕೆ ಹೋಗುವವರು. ಅವರಲ್ಲಿ ಯಾರ ತಲೆಯ ಮೇಲೆ ಆ ಪೊಟ್ಟಣ ತೂಗುತ್ತಿರುತ್ತದೋ.

ಫೋನು ಇಡುವ ಮುಂಚೆ ಮಗಳ ವಾಯ್ಸ್ ಮೆಸೇಜು ಕಂಡಿತು. ಧ್ವನಿ ಸಣ್ಣಗೆ ಮಾಡಿ ಕೇಳಿದಳು. 'ಅಮ್ಮಾ, ಇವತ್ತಾದ್ರೂ ಊಟಕ್ಕೆ ಬರ್ತೀಯಾ? ನಾನೇ ಸಾರು ಮಾಡಿದೀನಿ. ಉಪ್ಪು ಒಂಚೂರು ಜಾಸ್ತಿ ಆಗಿದೆ, ಬೈಬೇಡ.' ನಿಸರ್ಗಳಿಗೆ ಅಡುಗೆ ಕಲಿಸುವುದಕ್ಕೂ ಪುರುಸೊತ್ತಾಗಿರಲಿಲ್ಲ. ತಾನೇ ಕಲಿಯುತ್ತಿದ್ದಳು.

'ಬರ್ತೀನಿ' ಅಂತ ಬೆರಳೊತ್ತಿದಳು.

"ಮೇಡಂ, ತಗೊಳಿ."

ಬೆನ್ನ ಹಿಂದೆಯೇ ದನಿ ಕೇಳಿ ಗಂಗಾಂಬಿಕೆ ಬೆಚ್ಚಿದಳು. ತೇಜಶ್ರೀ. ಈಶ್ವರಯ್ಯನವರ ಒಬ್ಬಳೇ ಮಗಳು. ಅಪ್ಪ ಹೋದ ದಿನದಿಂದ ಒಂದೇ ಬಿಳಿ ಚೂಡಿದಾರ, ಒಂದೇ ಬಾಡಿದ ಮುಖ. ಒಂದು ಕೈಯಲ್ಲಿ ಮಜ್ಜಿಗೆ ಚೊಂಬು, ಇನ್ನೊಂದರಲ್ಲಿ ನೀರು ತೊಟ್ಟಿಕ್ಕುವ ದಪ್ಪ ಬಿಳಿ ಟವೆಲ್.

"ಟೋಪಿ ತೆಗೀರಿ ಮೇಡಂ. ಜೇನು ಮೊದಲು ನುಗ್ಗೋದು ಕಪ್ಪು ಕೂದಲಿಗೆ ಅಂತೆ. ಅಪ್ಪಂದೂ…" ಚೊಂಬನ್ನು ನೆಲಕ್ಕಿಟ್ಟಳು. "ಬಿಳಿ ಟವೆಲ್ ಕಟ್ಕೊಂಡ್ರೆ ಒಳ್ಳೇದು. ನಾಲೆ ನೀರಲ್ಲಿ ಅದ್ದಿ ತಂದೆ."

"ನಿಮಗ್ಯಾಕಮ್ಮ ತೊಂದರೆ?"

"ನಮ್ಮಪ್ಪನಿಗೋಸ್ಕರ ನೀವು ಬಿಸಿಲಲ್ಲಿ ಒಣಗ್ತಾ ಇದೀರ. ಅಷ್ಟೂ ಮಾಡದಿದ್ರೆ ಹೆಂಗೆ?"

ಹುಡುಗಿ ಹಿಂದೆ ನಿಂತು ಟವೆಲ್ಲನ್ನು ಮಡಿಸಿ, ಹಣೆಯಿಂದ ಕತ್ತಿನವರೆಗೂ ಸುತ್ತಿ, ಹೆಡಕಿನ ಹತ್ತಿರ ಕಟ್ಟಿದಳು. ನೆತ್ತಿಗೆ ತಣ್ಣನೆಯದು ಇಳಿದಾಗ ಗಂಗಾಂಬಿಕೆಗೆ ಒಂದು ಕ್ಷಣ ಕಣ್ಣು ಮುಚ್ಚಿ ಹೋಯಿತು. ಎಷ್ಟು ತಂಪು. ಬೆನ್ನಿನ ಹುರಿಯಲ್ಲಿ ಒಂದು ಹನಿ ಮೆಲ್ಲಗೆ ಜಾರಿತು.

"ಚಿಕ್ಕಪ್ಪನ್ನ ಕರೆಸಿದೀರಂತೆ," ಅಂದಳು ತೇಜಶ್ರೀ, ಹಿಂದಿನಿಂದಲೇ.

"ಹೌದು."

"ಆ ಗಂಟಿನ ವಿಷಯ ಕೇಳ್ತೀರಾ?"

"ಕೇಳಲೇಬೇಕಲ್ಲಮ್ಮ."

ನಿನ್ನೆ ಇವಳ ಅಡುಗೆಮನೆಯಲ್ಲೇ, ಕಾಫಿ ಕುಡಿಯುತ್ತ, ಗಂಗಾಂಬಿಕೆ ಆ ಗಂಟಿನ ಮಾತು ತೆಗೆದಿದ್ದಳು. ಪೃಥ್ವಿರಾಜನ ಕೆಲಸದವರು ಪೊಟ್ಟಣ ಕಟ್ಟುವುದು ಬಿಗಿ ಎರಡು ಗಂಟು ಹಾಕಿ. ಬಿಚ್ಚಬೇಕಾದರೆ ಕತ್ತರಿಯೇ ಬೇಕು. ಆದರೆ ಈಶ್ವರಯ್ಯನ ತಲೆ ಮೇಲಿದ್ದ ಪೊಟ್ಟಣದ್ದು ಒಂದು ಕಡೆಯಿಂದ ಸುತ್ತಿ ಇನ್ನೊಂದು ಕಡೆಯಿಂದ ತೂರಿಸಿದ ಕುಣಿಕೆ. ತುದಿ ಹಿಡಿದು ಎಳೆದರೆ ಸರಸರ ಬಿಚ್ಚಿಕೊಳ್ಳುತ್ತದೆ. ಅದು ಹೊಗೆಸೊಪ್ಪು ಕಟ್ಟುವವರ ಕೈ. ಹಸಿ ಎಲೆಯನ್ನು ಕೋಲಿನ ಆಚೆಗೊಂದು ಈಚೆಗೊಂದು ಹಾಗೆ ಕಟ್ಟಿ, ಒಣಗಿಸುವ ಬ್ಯಾರನ್ನಿಗೆ ಏರಿಸುತ್ತಾರೆ. ಒಣಗಿದ ಮೇಲೆ ಒಂದೇ ಎಳೆತ, ಎಲೆಯೆಲ್ಲ ನೆಲಕ್ಕೆ.

ಗಂಗಾಂಬಿಕೆಗೆ ಅದು ಗೊತ್ತಿದ್ದದ್ದಕ್ಕೆ ಕಾರಣ ಇಷ್ಟೇ: ಅವಳ ಅವ್ವ ರಾಮನಾಥಪುರದ ಕಡೆ ಬ್ಯಾರನ್ನುಗಳಲ್ಲಿ ಸೊಪ್ಪು ಕಟ್ಟಿಯೇ ಅವಳನ್ನು ಓದಿಸಿದ್ದು. ಅವ್ವನ ಬೆರಳಿನ ಅಂಟು, ಕಪ್ಪು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ.

"ಆಯ್ತು ಮೇಡಂ. ನಾನು ಮನೆ ಹತ್ರ ಇರ್ತೀನಿ."

ಹುಡುಗಿ ಹೊರಟಳು. ಪೃಥ್ವಿರಾಜ್ ಪಂಪ್‌ಹೌಸ್ ಕಡೆಯ ಸಾಲುಗಳನ್ನು ನೋಡಿ ಬರುತ್ತೇನೆಂದು ಹೋದ. ಗಂಗಾಂಬಿಕೆ ಒಬ್ಬಳೇ ಗೋಣಿಮರದ ಕಡೆ ನಡೆದಳು.

*

ಹತ್ತಿರ ಬಂದ ಹಾಗೆ ಹಕ್ಕಿಯ ಸದ್ದು ಕೂಡ ಕಡಿಮೆಯಾಯಿತು. ಅಥವಾ ಅವಳಿಗೆ ಹಾಗನ್ನಿಸಿತೋ.

ಗೋಣಿಮರದ ಎತ್ತರದ ಕೊಂಬೆಗಳಲ್ಲಿ ಹೆಜ್ಜೇನು ಹುಟ್ಟುಗಳು ಕಪ್ಪು ಕಂಬಳಿ ಒಣಹಾಕಿದಂತೆ ಇಳಿಬಿದ್ದಿದ್ದವು. ಈ ಮನೆಯವರು ತಲೆಮಾರಿನಿಂದ ಅವನ್ನು ಕೀಳಿಸಿರಲಿಲ್ಲ. ಹೆಜ್ಜೇನು ಕೂತ ಮನೆಗೆ ಒಳ್ಳೆಯದಾಗುತ್ತದೆ ಅಂತ ನಂಬಿಕೆ. ಕೆಳಗೆ ಕಲ್ಲುಬೆಂಚು. ಅದರ ಕಾಲಿನ ಹತ್ತಿರ ಈಶ್ವರಯ್ಯನ ಒಂದು ಚಪ್ಪಲಿ ಇನ್ನೂ ಮಗುಚಿ ಬಿದ್ದಿತ್ತು. ಎತ್ತಿಕೊಂಡು ಹೋಗಲು ಯಾರಿಗೂ ಧೈರ್ಯ ಬಂದಿರಲಿಲ್ಲ.

ಶಿವರಾಜು ಆಗಲೇ ಬಂದು, ದೂರದ ಮಾವಿನ ಮರಕ್ಕೆ ಬೆನ್ನು ಒತ್ತಿ ನಿಂತಿದ್ದ. ಈಶ್ವರಯ್ಯನ ತಮ್ಮ. ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನ ಎದುರು ಅವನದು ಬೇಕರಿ. ದಪ್ಪ ಆಳು, ಮೆದು ಕೈ.

"ಬನ್ನಿ ಶಿವರಾಜು. ಇಲ್ಲಿ ಕೂರಿ."

"ಇಲ್ಲಿಂದಾನೇ ಮಾತಾಡಾಣ ಮೇಡಂ."

"ಬೆಂಚಿನ ಮೇಲೆ ಕೂರಿ."

"ಬ್ಯಾಡಿ ಮೇಡಂ. ನಿಮಗೆ ಕೈ ಮುಗೀತೀನಿ."

"ಯಾಕೆ? ಪೊಟ್ಟಣ ತೆಗೆದಾಯ್ತಲ್ಲ. ಜೇನು ಸುಮ್ಮನಿವೆ. ಇನ್ನೊಂದು ಪೊಟ್ಟಣ ಇಲ್ಲೇ ಎಲ್ಲೋ ಇದೆ ಅಂತ ನಿಮಗೆ ಗೊತ್ತಿದ್ರೆ ಮಾತ್ರ ಹೆದರಬೇಕು."

ಶಿವರಾಜು ಬಂದ. ಬೆಂಚಿನ ಅಂಚಿಗೆ ಕೂತ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕಣ್ಣು ಮೇಲಕ್ಕೆ ಹೋಗುತ್ತಿತ್ತು, ಚಪ್ಪಲಿಯ ಮೇಲೆ ಬೀಳುತ್ತಿತ್ತು, ಮತ್ತೆ ಮೇಲಕ್ಕೆ.

"ನಿಮ್ಮ ಬೇಕರೀಲಿ ಬಾಳೆಹಣ್ಣಿನ ಎಸೆನ್ಸ್ ಇದೆ."

"ಯಾವ ಬೇಕರೀಲಿ ಇಲ್ಲ ಮೇಡಂ? ಅದಿಲ್ದೆ ಬಾಳೆಹಣ್ಣಿನ ಕೇಕ್ ಎಂಗೆ ಮಾಡೋದು? ಬಾಳೆಹಣ್ಣು ಹಾಕಿದ್ರೆ ನಮಗೆ ಗಿಟ್ಟುತ್ತಾ?"

ಗಂಗಾಂಬಿಕೆ ನಗಲಿಲ್ಲ. "ಒಂದು ಬಾಟಲಿ ಕಡಿಮೆ ಇದೆ ಅಂತ ನಿಮ್ಮ ಕೆಲಸದವನೇ ಹೇಳಿದ."

ಶಿವರಾಜು ಕರ್ಚೀಫು ತೆಗೆದು ಮುಖ ಒರೆಸಿಕೊಂಡ.

"ಯಾರಿಗೆ ಕೊಟ್ರಿ?"

"ಮನೆಯೋರು, ನೆಂಟರು, ಯಾರ್ ಯಾರೋ ಕೇಳ್ತಾರೆ. ಮಕ್ಕಳ ಹುಟ್ಟಿದಬ್ಬ, ಅದು ಇದು ಅಂತ. ಎಲ್ಲಾ ಗ್ಯಾಪಕ ಇರ್ತದಾ?"

"ಅಣ್ಣ ಸತ್ತಿದಾನೆ. ಇದು ಜ್ಞಾಪಕ ಇರಬೇಕು."

ಅವನು ಮನೆಯ ಕಡೆ ನೋಡಿದ. ಮರಗಳ ಸಂದಿಯಲ್ಲಿ ಹೆಂಚಿನ ಕೆಂಪು ಕಾಣುತ್ತಿತ್ತು. ಆಮೇಲೆ ನೆಲ ನೋಡಿದ. ಈ ಮೌನ ಗಂಗಾಂಬಿಕೆಗೆ ಗೊತ್ತಿತ್ತು. ತಪ್ಪು ಮಾಡಿದವರು ಹೀಗೇ ಕೂರುತ್ತಾರೆ.

ಜೇಬಿನಿಂದ ಟ್ವೈನ್ ದಾರದ ಉಂಡೆ ತೆಗೆದಳು. ಒಂದು ಕಡ್ಡಿ ಮುರಿದಳು. ಮಾವಿನ ಎಲೆ ಒಂದಷ್ಟು ಕಿತ್ತು ಅವನ ಮಡಿಲಿಗೆ ಹಾಕಿದಳು.

"ಕಟ್ಟಿ."

"ಏನ್ ಮೇಡಂ?"

"ಎಲೆ ಈ ಕಡ್ಡಿಗೆ ಕಟ್ಟಿ. ಯೋಚನೆ ಮಾಡಬೇಡಿ. ಬೇಗ."

ತಲೆಯ ಮೇಲೆ ಹುಟ್ಟಿನಿಂದ ಒಂದು ಅಲೆ ಸಾಗಿತು. ಸಾವಿರ ರೆಕ್ಕೆ ಒಟ್ಟಿಗೆ ಮಿಸುಕಿ, ಮತ್ತೆ ತಣ್ಣಗಾದವು. ಶಿವರಾಜುವಿನ ಗಂಟಲಿನಿಂದ ಒಂದು ಸಣ್ಣ ಸದ್ದು ಬಂತು.

"ಕಟ್ಟಿ ಅಂದೆ."

ಹೆದರಿದ ಕೈ ಯೋಚನೆ ಮಾಡುವುದಿಲ್ಲ. ಅದಕ್ಕೇ ಅವಳು ಅವನನ್ನು ಇಲ್ಲಿ ಕೂರಿಸಿದ್ದು. ಶಿವರಾಜುವಿನ ಕೈ ತಾನಾಗಿ ಕೆಲಸಕ್ಕೆ ಬಿತ್ತು. ಎಲೆಗಳನ್ನು ಚೌಕಕ್ಕೆ ಜೋಡಿಸಿತು. ದಾರವನ್ನು ಉದ್ದಕ್ಕೊಂದು ಸುತ್ತು, ಅಡ್ಡಕ್ಕೊಂದು ಸುತ್ತು ಹಾಕಿತು. ಕೊನೆಗೆ ಬೆರಳಿಗೆ ಸುತ್ತಿಕೊಂಡು ಫಟ್ಟಂತ ಹರಿಯಿತು.

ಗಂಗಾಂಬಿಕೆ ಅದನ್ನೇ ನೋಡುತ್ತ ನಿಂತಳು.

ಅದು ಬನ್ನಿನ ಪಾರ್ಸೆಲ್. ಕಡ್ಡಿ ಪಕ್ಕದಲ್ಲಿ ಹಾಗೇ ಬಿದ್ದಿತ್ತು. ಬೇಕರಿಯ ಗಲ್ಲಾಪೆಟ್ಟಿಗೆ ಮುಂದೆ ಅರ್ಧ ಆಯುಷ್ಯ ಕಳೆದ ಕೈಗೆ ಕಟ್ಟುವುದೆಂದರೆ ಇದೊಂದೇ.

ಇವನಲ್ಲ.

ಇವನಲ್ಲದಿದ್ದರೆ, ಆ ಮೌನ ಯಾರಿಗಾಗಿ?

"ಶಿವರಾಜು," ದನಿ ತಗ್ಗಿಸಿ ಕೇಳಿದಳು. "ನಿಮ್ಮ ಮನೇಲಿ ಹೊಗೆಸೊಪ್ಪು ಕಟ್ಟೋ ಕೈ ಯಾರದು?"

ಅವನ ಮುಖ ಕಿವುಚಿಕೊಂಡಿತು. ದಪ್ಪ ಮನುಷ್ಯ ಅಳುವುದನ್ನು ನೋಡಲು ಕಷ್ಟ.

"ನಾವೆಲ್ಲ ಸೊಪ್ಪು ಬೆಳೆದೋರಲ್ಲ ಮೇಡಂ. ನಮ್ಮತ್ತಿಗೆ, ಹೊನ್ನಕ್ಕ, ಅವರ ತೌರು ರಾಮನಾಥಪುರ. ಬ್ಯಾರನ್ ಮನೆ. ಅತ್ತಿಗೆ ಓದ ಮೇಲೆ ಆ ಕಡೆ ಓಗೋರೇ ಇಲ್ಲ."

"ಹೋದ ಮೇಲೆ ಅಂದ್ರೆ?"

"ಸತ್ತ ಮೇಲೆ. ಅವರು ಎಂಗೆ ಸತ್ರು ಅಂತ ನೀವು ಮೊದ್ಲು ಕೇಳ್ಬೇಕಿತ್ತು ಮೇಡಂ. ನಮ್ಮಣ್ಣನ್ನೇ ಕೇಳ್ಬೇಕಿತ್ತು, ಅವ್ನು ಬದುಕಿದ್ದಾಗ."

"ಹೊನ್ನಕ್ಕ ಬಿಟ್ರೆ ಇನ್ಯಾರಿಗೆ ಬರ್ತಿತ್ತು?"

"ರಜ ಬಂದ್ರೆ ಅತ್ತಿಗೆ ಮಗೀನೂ ಕರ್ಕೊಂಡು…"

ಶಿವರಾಜು ನಿಲ್ಲಿಸಿದ. ಮೂಗಿನ ಹೊಳ್ಳೆ ಅರಳಿತು.

ಅವಳಿಗೂ ಬಂತು.

ಮೊದಲು ಸಣ್ಣಗೆ. ಮುಲಾಮಿನ ಘಾಟಿನ ಕೆಳಗಿನಿಂದ ನುಸುಳಿಕೊಂಡು. ಆಮೇಲೆ ಸಿಹಿಯಾಗಿ, ದಟ್ಟವಾಗಿ. ಮುಚ್ಚಿದ ಕೋಣೆಯಲ್ಲಿ ಗೊನೆ ಹಣ್ಣಾದ ಹಾಗೆ.

ಬಾಳೆಹಣ್ಣು.

"ಜೇಬು ತೆಗೀರಿ!" ಗಂಗಾಂಬಿಕೆ ಒಂದು ಹೆಜ್ಜೆ ಹಿಂದಕ್ಕೆ ಹಾರಿದಳು. "ಎಲ್ಲಿಟ್ಟಿದೀರಿ? ತೆಗೀರಿ ಆಚೆಗೆ!"

ಅವನು ಜೇಬುಗಳನ್ನು ಒಳಗು ಹೊರಗು ಮಾಡಿದ. ಬೈಕಿನ ಕೀ, ಕರ್ಚೀಫು, ಬಸ್ ಟಿಕೆಟ್ಟು, ಒಂದು ಏಲಕ್ಕಿ. ಬೇರೇನೂ ಇಲ್ಲ.

ಅವಳು ಇನ್ನೂ ಹಿಂದೆ ಸರಿದಳು. ವಾಸನೆ ಕಡಿಮೆಯಾಗಲಿಲ್ಲ. ಬಲಕ್ಕೆ ಹೋದಳು. ಅಷ್ಟೇ ಇತ್ತು. ಬೆಂಚಿನ ಆಚೆ ಹೋದಳು. ಅಲ್ಲೂ ಅಷ್ಟೇ.

ಶಿವರಾಜು ಬೆಂಚಿನಿಂದ ಎದ್ದಿದ್ದ. ಅವನ ಕಣ್ಣುಗಳು ಅವಳನ್ನು ಹಿಂಬಾಲಿಸುತ್ತಿದ್ದವು. ಮುಖದಲ್ಲಿ ರಕ್ತವಿರಲಿಲ್ಲ.

"ಮೇಡಂ," ಅಂದ. ಪಿಸುಮಾತು. "ವಾಸ್ನೆ ನಿಮ್ಮಿಂದ ಬತ್ತಾ ಐತೆ."

ತಲೆಯ ಮೇಲಿನ ಟವೆಲ್ ಯಾವಾಗಲೋ ಬೆಚ್ಚಗಾಗಿತ್ತು.

ಗಂಗಾಂಬಿಕೆಯ ಕೈ ತಾನಾಗಿ ಹೆಡಕಿಗೆ ಹೋಯಿತು. ಬೆರಳಿಗೆ ಒಂದು ತುದಿ ಸಿಕ್ಕಿತು. ಎಳೆದಳು.

ಗಂಟು ಸರಸರನೆ ಬಿಚ್ಚಿಕೊಂಡಿತು.

ಒಂದೇ ಎಳೆತ. ಅವ್ವ ಒಣಗಿದ ಕೋಲನ್ನು ಮಡಿಲಲ್ಲಿಟ್ಟುಕೊಂಡು ಎಳೆದಾಗ ಬರುತ್ತಿದ್ದಂಥ ಮೆತ್ತನೆಯ ಜಾರು. ಟವೆಲ್ ಭುಜಕ್ಕೆ ಬಿತ್ತು. ಮಡಿಕೆಯೊಳಗೆ, ತೆಳ್ಳಗೆ, ಶಾಂಪೂ ಪೊಟ್ಟಣದಷ್ಟೇ ಅಗಲದ್ದು. ಮೂಲೆ ಕತ್ತರಿಸಿತ್ತು. ಬೆನ್ನ ಹುರಿಯಲ್ಲಿ ಜಾರಿದ್ದು ಬರೀ ನೀರಲ್ಲ.

ಕೂದಲಿಗೆ ಹತ್ತಿತ್ತು. ಕಾಲರಿಗೆ ಹತ್ತಿತ್ತು. ಬಿಸಾಕಿದರೆ ಹೋಗುವಂಥದ್ದಾಗಿರಲಿಲ್ಲ.

ಮೇಲೆ ಸದ್ದು ಬದಲಾಯಿತು.

ಇಷ್ಟು ಹೊತ್ತು ಅದು ದೂರದ ಮೋಟಾರಿನ ಹಾಗೆ ಕಿವಿಗೆ ರೂಢಿಯಾಗಿತ್ತು. ಈಗ ಒಂದು ಶ್ರುತಿ ಏರಿತು. ಕಪ್ಪು ಕಂಬಳಿಯ ಮೇಲೆ ಅಲೆ ಎದ್ದಿತು, ಅದು ಇಳಿಯುವ ಮುಂಚೆ ಇನ್ನೊಂದು, ಅದರ ಬೆನ್ನಿಗೇ ಮತ್ತೊಂದು.

ಒಂದು ಜೇನು ಕೆಳಗೆ ಬಂತು. ಅವಳ ಮುಖದ ಮುಂದೆ ನಿಂತು ತೂಗಿತು. ಹೋಯಿತು.

ಫೋನು ನಡುಗಿತು. ತೆಗೆಯುವುದೋ ಬೇಡವೋ ಅನ್ನುವಷ್ಟರಲ್ಲಿ ಬೆರಳು ಒತ್ತಿಬಿಟ್ಟಿತ್ತು.

"ಮೇಡಂ, ಗೇಟು ತೆಗ್ದೆ," ಚನ್ನಪ್ಪ ಉಲ್ಲಾಸದಲ್ಲಿದ್ದ. "ತೇಜಶ್ರೀ ಅಮ್ಮೋರು ಬಂದು, ಪೊಟ್ಟಣ ಸಿಕ್ತಂತೆ, ಮೇಡಂ ಬಿಡಾಕೆ ಹೇಳವ್ರೆ, ಅವರ ಫೋನ್ ಚಾರ್ಜ್ ಓಗೈತೆ ಅಂದ್ರು. ಈ ಬೆಟ್ಟಮ್ಮ ಎಲ್ಲಾರ್ಗಿಂತ ಮುಂದೆ ಓಡ್ತಾವ್ಳೆ. ಮೊದ್ಲು ಗೋಣಿಮರದ ಕಡೆ ಸಾಲು ಕೀಳ್ತಾರಂತೆ… ಮೇಡಂ? ಫೋನ್ ಚಾರ್ಜ್ ಐತಲ್ಲ ಮೇಡಂ?"

ಮರಗಳ ಆಚೆಯಿಂದ ನಗು ಕೇಳಿಸಿತು. ಬಕೆಟ್ಟಿನ ಸದ್ದು. ಯಾರೋ ಯಾರನ್ನೋ ರೇಗಿಸುತ್ತಿದ್ದರು. ಎಳೆಗೂಸಿನ ಅಳು ಕೂಡ. ಮಗುವನ್ನೂ ಎತ್ತಿಕೊಂಡು ಬಂದಿದ್ದರು.

ಗಂಗಾಂಬಿಕೆ ಉಸಿರಿನಲ್ಲೇ ಮಾತಾಡಿದಳು. "ಶಿವರಾಜು. ಓಡಬೇಡಿ. ಕೈ ಬೀಸಬೇಡಿ. ಮೆಲ್ಲಗೆ ಹಿಂದಕ್ಕೆ ನಡೀರಿ. ದೂರ ಹೋದಮೇಲೆ ಓಡಿ, ಅವರನ್ನೆಲ್ಲ ಗೇಟಿನಾಚೆಗೆ ಹಾಕಿ. ಟ್ರ್ಯಾಕ್ಟರ್ ಹತ್ತಿಸಿ ಕಳಿಸಿ."

"ನೀವು?"

"ಇದನ್ನ ನಾನು ಆ ಕಡೆಗೆ ತಗೊಂಡು ಹೋಗ್ತೀನಿ."

"ಮೇಡಂ, ಅಂಗೆಲ್ಲ ಮಾಡ್ಬ್ಯಾಡಿ, ನಿಮಗೂ ಮಕ್ಳು…"

"ಹೋಗ್ರೀ!"

ಅವನು ಹೋದ. ಅವಳು ಟವೆಲ್ಲನ್ನು ಎದೆಗೆ ಅವುಚಿಕೊಂಡು ನಗು ಕೇಳುತ್ತಿದ್ದ ಕಡೆಗೆ ಬೆನ್ನು ಮಾಡಿದಳು. ವಾಸನೆ ಅವಳ ಹತ್ತಿರ ಇದ್ದಷ್ಟು ಹೊತ್ತು ಜೇನೂ ಅವಳ ಹತ್ತಿರವೇ. ಅಷ್ಟೇ ಲೆಕ್ಕ.

ನಾಲೆ. ನೀರಿದ್ದರೆ ನೀರಿಗೆ ಬೀಳಬೇಕು ಅಂದಿದ್ದನಲ್ಲ.

ನಡೆದಳು. ಕತ್ತಿನ ಹಿಂದೆ ಮೊದಲ ಚುಚ್ಚು. ಕಾದ ಸೂಜಿ ಮೂಳೆಗೇ ಇಳಿದ ಹಾಗೆ. ಕೈ ಮೇಲೇಳಲು ಹೊರಟಿತು. ಹಲ್ಲು ಕಚ್ಚಿ ತಡೆದಳು. ಹೊಸಕಬಾರದು. ಹೊಸಕಿದರೆ ಮುಗೀತು. ಎರಡನೆಯದು ಕಿವಿಯ ಮೇಲೆ. ಕಣ್ಣಲ್ಲಿ ನೀರು ಬಂದು ಮರಗಳು ಕಲಸಿಹೋದವು.

ಉಪ್ಪು ಒಂಚೂರು ಜಾಸ್ತಿ ಆಗಿದೆ, ಬೈಬೇಡ.

ಬೈಯಲ್ಲ ಪುಟ್ಟಿ. ಎಷ್ಟಿದ್ದರೂ ತಿಂತೀನಿ.

ಹಿಂದಿನ ಸದ್ದು ಈಗ ಸದ್ದಾಗಿರಲಿಲ್ಲ. ಅದಕ್ಕೆ ಮೈ ಬಂದಿತ್ತು. ಮರದಿಂದ ಕಳಚಿಕೊಂಡು, ಬಿಸಿಲನ್ನು ಮಸುಕು ಮಾಡುತ್ತ ಅದು ಕೆಳಗಿಳಿಯುತ್ತಿತ್ತು. ಇನ್ನು ನಡೆಯುವುದರಲ್ಲಿ ಅರ್ಥವಿರಲಿಲ್ಲ. ಓಡಿದಳು. ಕೊಂಬೆಗಳು ಮುಖಕ್ಕೆ ಬಡಿದವು. ಮುಂದೆ, ಸಾಲು ಮುಗಿಯುವಲ್ಲಿ, ಲಂಟಾನ ಪೊದೆಗಳ ಹಿಂದೆ ನಾಲೆಯ ಏರಿ ಕಂಡಿತು. ಕೈ ಕಾಲು ನಾಲ್ಕೂ ಊರಿ ಹತ್ತಿದಳು.

ಏರಿಯ ಮೇಲೆ ನಿಂತು ಕೆಳಗೆ ನೋಡಿದಳು.

ತಳದ ಕೆಸರು ಒಣಗಿ, ಬಿರಿದು, ಹಪ್ಪಳದ ಹಾಗೆ ಅಂಚು ಎದ್ದಿತ್ತು. ಅದರ ಮೇಲೆ ಮೇಕೆಯ ಹಿಕ್ಕೆ. ತಂಪು ಅನ್ನುವುದು ಆ ನಾಲೆಯಲ್ಲಿ ಎಲ್ಲಿಯೂ ಇರಲಿಲ್ಲ.

ನೆತ್ತಿಗೆ ಇಳಿದಿದ್ದ ಆ ಚಳಿ ಮತ್ತೆ ನೆನಪಾಯಿತು. ನಾಲೆ ನೀರಿನದಲ್ಲ. ಫ್ರಿಜ್ಜಿನದು.

ಆಚೆ ದಡದಲ್ಲಿ ಬಿಳಿ ಚೂಡಿದಾರ ನಿಂತಿತ್ತು. ಮುಖಕ್ಕೆಲ್ಲ ದುಪಟ್ಟಾ ಬಿಗಿದುಕೊಂಡು, ಕಣ್ಣು ಮಾತ್ರ ಬಿಟ್ಟು. ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ. ಮಜ್ಜಿಗೆ ಚೊಂಬು ಹಿಡಿದು ಬಂದಾಗ ಇದ್ದ ಬಳಲಿಕೆಯೇ ಇತ್ತು.

"ಬ್ಯಾಸಿಗೇಲಿ ಇಲ್ಲಿಗೆ ನೀರು ಬಿಡಲ್ಲ ಮೇಡಂ," ಅಂದಳು ತೇಜಶ್ರೀ. "ನೀವು ಈ ಊರಿಗೆ ಹೊಸಬರು, ಗೊತ್ತಾಗ್ಲಿಲ್ಲ. ಅಪ್ಪ ಜೇನು ಎಬ್ಬಿಸಿದ ದಿನ ನಮ್ಮಮ್ಮನೂ ಇಲ್ಲಿಗೇ ಓಡಿ ಬಂದಿದ್ದು."